ಓದುಗರ ಪ್ರಶ್ನೆ: ಆಪರೇಷನ್ ಮುಗಿದ ಮೇಲೆ ರೋಗಿಯ ಪಕ್ಕ ಯಾರು?

ಪ್ರಶ್ನೆ: ಸಣ್ಣ ನರ್ಸಿಂಗ್ ಹೋಮ್ ಒಂದರಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಅರಿವಳಿಕೆ ಡಾಕ್ಟರು ತುಮಕೂರಿನಿಂದ ಬರುತ್ತಾರೆ. ಹೊಲಿಗೆ ಮುಗಿದ ಕೂಡಲೇ ಇನ್ನೊಂದು ಕೇಸ್ ಇದೆ ಅಂತ ಹೊರಟುಬಿಡುತ್ತಾರೆ. ಆಮೇಲೆ ರೋಗಿಯ ಪಕ್ಕ ನಾನೊಬ್ಬಳೇ. ಏನೇನು ನೋಡಬೇಕು?
– ಓದುಗರು, ಮಧುಗಿರಿ

ಉತ್ತರ: ಕೇಳಿದ್ದು ತುಂಬ ಒಳ್ಳೆಯದಾಯಿತು ತಂಗೀ. ನನ್ನ ಸರ್ವೀಸೆಲ್ಲ ಥಿಯೇಟರಿನಲ್ಲಿ ರೋಗಿಯ ತಲೆ ಕಡೆ ನಿಂತೇ ಕಳೆದಿದೆ. ನನಗೆ ಜಾಸ್ತಿ ಭಯ ಇರುವುದು ನೀವು ಹೇಳಿದ ಆ ಹೊತ್ತಿನ ಬಗ್ಗೆಯೇ.

ಮೊದಲು ಗೊರಕೆ. ಮನೆಯವರು "ಪಾಪ, ಒಳ್ಳೇ ನಿದ್ದೆ ಹತ್ತಿದೆ" ಅಂತಾರೆ. ನೀವು ಹಾಗೆ ಅಂದುಕೊಳ್ಳಬೇಡಿ. ನಾಲಿಗೆ ಹಿಂದಕ್ಕೆ ಜಾರಿ ಉಸಿರಿನ ದಾರಿಗೆ ಅಡ್ಡ ಬಂದಿರುತ್ತದೆ. ಎರಡೂ ಕಿವಿಯ ಕೆಳಗೆ, ದವಡೆಯ ಮೂಲೆಗೆ ಬೆರಳಿಟ್ಟು ಮುಂದಕ್ಕೆ ಎತ್ತಿ. ನಿಮ್ಮ ಕೆನ್ನೆಯನ್ನು ರೋಗಿಯ ಬಾಯಿ ಹತ್ತಿರ ತನ್ನಿ. ಸದ್ದು ನಿಂತು ಬಿಸಿಗಾಳಿ ತಾಗಿದರೆ ದಾರಿ ತೆರೆದಿದೆ. ಸದ್ದೂ ಇಲ್ಲ, ಗಾಳಿಯೂ ಇಲ್ಲ, ಹೊಟ್ಟೆ ಉಬ್ಬುವಾಗ ಎದೆ ಒಳಗೆ ಹೋಗುತ್ತಿದೆ ಅಂದರೆ ಪೂರ್ತಿ ಮುಚ್ಚಿದೆ. ಕೂಗಿ ಜನ ಕರೆಯಿರಿ. ಕೈಯಲ್ಲಿ ಒತ್ತಿ ಉಸಿರು ಕೊಡುವ ಆಂಬು ಬ್ಯಾಗ್, ಬಾಯಿ-ಗಂಟಲಿನ ಜೊಲ್ಲು ಎಳೆದು ತೆಗೆಯುವ ಸಕ್ಷನ್ ಎರಡೂ ಆ ಮಂಚದ ಪಕ್ಕದಲ್ಲೇ ಇರಬೇಕು, ಬೀರುವಿನಲ್ಲಲ್ಲ.

ರಕ್ತದಲ್ಲಿರುವ ಆಕ್ಸಿಜನ್ ಶೇಕಡಾ ಎಷ್ಟು ಅಂತ ತೋರಿಸುವ ಬೆರಳಿನ ಕ್ಲಿಪ್ ಒಂದನ್ನೇ ನಂಬಬೇಡಿ. ಆಕ್ಸಿಜನ್ ಮಾಸ್ಕ್ ಇದ್ದಾಗ ಉಸಿರು ತೀರಾ ಕಮ್ಮಿಯಾದರೂ ಅದು ಸ್ವಲ್ಪ ಹೊತ್ತು 98 ಅಂತಲೇ ತೋರಿಸಬಹುದು. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 10ಕ್ಕಿಂತ ಕಮ್ಮಿ ಇದ್ದರೆ ತಟ್ಟಿ ಎಬ್ಬಿಸಿ, ಡಾಕ್ಟರನ್ನು ಕರೆಯಿರಿ.

ಜನರಲ್ ಅನಸ್ತೇಶಿಯಾ, ಅಂದರೆ ಪೂರ್ತಿ ಪ್ರಜ್ಞೆ ತಪ್ಪಿಸುವ ಅರಿವಳಿಕೆ ಆಗಿದ್ದರೆ ರೋಗಿ ತನ್ನ ಹೆಸರು ಹೇಳಬೇಕು, ತಲೆಯನ್ನು ತಾನೇ 5 ಸೆಕೆಂಡ್ ಎತ್ತಿ ಹಿಡಿಯಬೇಕು. ಅದಕ್ಕೆ ಮುಂಚೆ ಡಾಕ್ಟರು ಹೊರಟರೆ "ಸರ್, ಸ್ವಲ್ಪ ಇರಿ" ಅನ್ನಿ. ಬೈದರೆ ಬೈಯಲಿ. ತುಮಕೂರಿನಿಂದ ವಾಪಸ್ ಬರುವಷ್ಟರಲ್ಲಿ ಏನು ಬೇಕಾದರೂ ಆಗಬಹುದು, ಅಲ್ವಾ?

ಅರಿವಳಿಕೆ ಔಷಧಿ "ನೀನೇ ಒಂದು ಡೋಸ್ ಹಾಕು" ಅಂತ ಯಾರಾದರೂ ಅಂದರೆ ಖಂಡಿತ ಒಪ್ಪಬೇಡಿ. ಅಮೆರಿಕದಲ್ಲಿ ನರ್ಸುಗಳೂ ಅರಿವಳಿಕೆ ಕೊಡುತ್ತಾರೆ, ನಿಜ. ಅವರು ಅದಕ್ಕೆಂದೇ ವರ್ಷಗಟ್ಟಲೆ ಬೇರೆ ಓದಿ ಪರೀಕ್ಷೆ ಪಾಸಾದವರು. ನಮ್ಮಲ್ಲಿ ಅದು ಡಾಕ್ಟರ ಕೆಲಸ.

ಪ್ರಶ್ನೆ: ಅಮ್ಮನಿಗೆ ಬೆಳಿಗ್ಗೆ 9ಕ್ಕೆ ಆಪರೇಷನ್. 7 ಗಂಟೆವರೆಗೆ ನೀರು ಕುಡಿಯಬಹುದಂತೆ, ಒಂದು ಲೋಟ ಕಾಫಿ ಮಾತ್ರ ಬೇಡವಂತೆ. ಯಾಕೆ?
– ಓದುಗರು, ಶಿರಾ

ಉತ್ತರ: ಹಾಲು ಹಾಕಿದ ಕಾಫಿ ಊಟದ ಲೆಕ್ಕ, 6 ಗಂಟೆ ಬಿಡಬೇಕು. ನೀರಿಗೆ 2 ಗಂಟೆ ಸಾಕು. ಮಂಪರಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಯಾರಾದರೂ ಕನಿಕರಪಟ್ಟು ಕಾಫಿ ಕೊಟ್ಟಿದ್ದರೆ ಮುಚ್ಚಿಡಬೇಡಿ, ಹೇಳಿಬಿಡಿ. ಆಪರೇಷನ್ ಮುಂದೆ ಹೋದರೂ ಪರವಾಗಿಲ್ಲ. ಎಲೆ ಅಡಿಕೆಯೂ ಬೇಡ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ಥಿಯೇಟರಿಗೆ ಹೋಗುವ ಮುಂಚೆ ತೆಗೆದು ನಿಮ್ಮ ಹತ್ತಿರ ಇಟ್ಟುಕೊಳ್ಳಿ.