ಗರಸಿನ ರಸ್ತೆಯಲ್ಲಿ ಅಲೆಗಳು ಮರಳಿ ಏಳುವುದೇಕೆ
ಟ್ರ್ಯಾಕ್ಟರ್ ಬ್ಲೇಡ್ ಹೊಡೆಸಿದ ಎರಡೇ ವಾರದಲ್ಲಿ ನಿಮ್ಮ ತೋಟದ ಗರಸಿನ ರಸ್ತೆಯ ತಿರುವಿನ ಬಳಿ ಅಲೆಗಳು, ಅಂದರೆ ರಸ್ತೆಗೆ ಅಡ್ಡಲಾಗಿ ಸಾಲುಗಟ್ಟಿದ ಉಬ್ಬುತಗ್ಗುಗಳು, ಮತ್ತೆ ಏಳುತ್ತಿರುವುದಕ್ಕೆ, ನೀವು ಶಂಕಿಸಿರುವ ಲಾರಿಗಳ ಭಾರಕ್ಕಿಂತ, ವಾಹನಗಳ ವೇಗ ಮತ್ತು ಸಡಿಲವಾದ ಒಣ ಮೇಲ್ಪದರವೇ ಬಹುಮಟ್ಟಿಗೆ ಕಾರಣ. ಒಂದು ಮಿತಿಯನ್ನು ಮೀರಿದ ವೇಗದಲ್ಲಿ ಬರುವ ಗಾಲಿಯು ಸಣ್ಣ ಉಬ್ಬನ್ನು ಹತ್ತಿ ಹಾರಿ, ಆಚೆ ಬಿದ್ದಲ್ಲಿ ಗರಸನ್ನು ಅಗೆದು ಮುಂದಕ್ಕೆ ತಳ್ಳುತ್ತದೆ. ಹಾಗೆ ಕೂಡಿದ ಗುಡ್ಡೆಯೇ ಹಿಂದೆ ಬರುವ ಗಾಲಿಗೆ ಹೊಸ ಉಬ್ಬಾಗುತ್ತದೆ. ವಾಹನದ ಸ್ಪ್ರಿಂಗುಗಳನ್ನು ದೂರುವುದು ರೂಢಿ, ಆದರೆ ಸ್ಪ್ರಿಂಗೇ ಇಲ್ಲದ ಗಾಲಿಯನ್ನು ಒಣ ಮರಳಿನ ಮೇಲೆ ಉರುಳಿಸಿದ ಪ್ರಯೋಗಗಳಲ್ಲಿಯೂ ಇಂಥವೇ ಅಲೆಗಳು ಮೂಡಿವೆ.

ಉಬ್ಬನ್ನು ಕೆರೆದು ತಗ್ಗಿಗೆ ತುಂಬಿದರೆ ಸಾಲದು, ಏಕೆಂದರೆ ಅಡಿಯಲ್ಲಿ ಗಟ್ಟಿಯಾದ ಹಳೆಯ ಏರುತಗ್ಗು ಹಾಗೆಯೇ ಉಳಿದು ಬೇಗನೆ ಮೇಲೆ ಕಾಣಿಸಿಕೊಳ್ಳುತ್ತದೆ. ಮಳೆ ಬಿದ್ದು ಮಣ್ಣು ಹದವಾಗಿರುವಾಗ, ತಗ್ಗಿನ ತಳಕ್ಕಿಂತ 2–3 ಸೆಂ.ಮೀ. ಆಳದವರೆಗೆ ಇಡೀ ಪದರವನ್ನು ಕೀಳಿಸಿ, ಹಿಡಿತಕ್ಕಾಗಿ ಜೇಡಿಮಣ್ಣು ಬೆರೆಸಿ, 3 ಮೀಟರ್ ಅಗಲದ ರಸ್ತೆಯಾದರೆ ನಡುಭಾಗವನ್ನು ಅಂಚಿಗಿಂತ ಸುಮಾರು 6 ಸೆಂ.ಮೀ. ಎತ್ತರಿಸಿ, ನಂತರ ರೋಲರ್ ಓಡಿಸಿ. ಜೇಡಿಮಣ್ಣಿನ ಪ್ರಮಾಣವನ್ನು ನಿಮ್ಮ ಗರಸನ್ನು ನೋಡದೆ ಹೇಳಲಾಗದು. ಒದ್ದೆ ಮಾಡಿ ಕಟ್ಟಿದ ಉಂಡೆ ಒಣಗಿದ ಮೇಲೆ ಮುಟ್ಟಿದರೆ ಪುಡಿಯಾಗುವುದಾದರೆ ಅದು ಕಡಿಮೆಯಿದೆ, ಮಳೆಯಲ್ಲಿ ಗಾಲಿ ಜಾರುವುದಾದರೆ ಹೆಚ್ಚಾಗಿದೆ. ತಿರುವಿನಲ್ಲಿ ಬ್ರೇಕು ಒತ್ತುವ ಬದಲು, ಅದಕ್ಕೆ ಸಾಕಷ್ಟು ಮೊದಲೇ ವೇಗ ತಗ್ಗಿಸುವಂತೆ ಚಾಲಕರಿಗೆ ತಿಳಿಸಿ.