ಓದುಗರ ಪ್ರಶ್ನೆ: ಹಣ ಎಲ್ಲಿ ನಿಂತಿದೆ ಎಂದು ಹುಡುಕುವ ಉದ್ಯೋಗ

ಪ್ರಶ್ನೆ: ನಾನು ಉಡುಪಿಯಲ್ಲಿ ಬಿ.ಕಾಂ. ಮುಗಿಸಿದ್ದೇನೆ. ಮಂಗಳೂರಿನ ಒಂದು ಫಿನ್‌ಟೆಕ್ (ತಂತ್ರಜ್ಞಾನದ ಮೂಲಕ ಹಣಕಾಸು ಸೇವೆ ಕೊಡುವ) ಕಂಪನಿಯಲ್ಲಿ ಕ್ಲೈಂಟ್ ಸಪೋರ್ಟ್ ಹುದ್ದೆಗೆ ಆಯ್ಕೆಯಾಗಿದ್ದೇನೆ. ಬ್ಯಾಂಕಿನಿಂದ ನಿವೃತ್ತರಾಗಿರುವ ನಮ್ಮ ಮಾವ, ‘ಅದು ಫೋನ್ ಎತ್ತಿ ಬೈಗುಳ ಕೇಳುವ ಕೆಲಸ, ಅದಕ್ಕಿಂತ ಒಂದು ವರ್ಷ ಕೂತು ಬ್ಯಾಂಕ್ ಪರೀಕ್ಷೆಗೆ ಓದು’ ಎನ್ನುತ್ತಾರೆ. ಈ ಕೆಲಸದಲ್ಲಿ ನಿಜವಾಗಿ ಇರುವುದೇನು? ಸೇರಬಹುದೇ?
— ಹೆಸರು ಬೇಡ, ಬ್ರಹ್ಮಾವರ

ಉತ್ತರ: ನಿಮ್ಮ ಮಾವನವರ ಆತಂಕ ನನಗೆ ಅರ್ಥವಾಗುತ್ತದೆ. 1906ರ ಒಂದೇ ವರ್ಷದಲ್ಲಿ ಮಂಗಳೂರಿನಲ್ಲಿ ಕೆನರಾ ಬ್ಯಾಂಕೂ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕೂ ಹುಟ್ಟಿದ ಊರುಗಳು ನಮ್ಮವು. ಇಲ್ಲಿ ಬ್ಯಾಂಕಿನ ಉದ್ಯೋಗಕ್ಕೆ ಇರುವ ಮರ್ಯಾದೆ ಬೇರೆಯೇ. ಆದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದ ಉಡುಪಿಯ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೆ ಹೋಗಿ ಪಡೆಯುತ್ತಿದ್ದುದನ್ನು ಅವರಿಗೆ ನೆನಪಿಸಿ. ಬ್ಯಾಂಕಿನ ಮೆಟ್ಟಿಲು ಹತ್ತದ ಗೃಹಿಣಿಯ ಪಾಲಿಗೆ ಪಿಗ್ಮಿ ಸಂಗ್ರಹಕ್ಕೆ ಬರುವವರೇ ಬ್ಯಾಂಕಾಗಿದ್ದರು. ಲೆಕ್ಕದಲ್ಲಿ ಅನುಮಾನ ಬಂದರೆ ಆಕೆ ಕೇಳಬೇಕಾದದ್ದು ಅವರನ್ನೇ. ಕೌಂಟರೇ ಇಲ್ಲದ ಫಿನ್‌ಟೆಕ್ ಕಂಪನಿಯಲ್ಲಿ ಆ ಸ್ಥಾನದಲ್ಲಿ ಕೂರುವವರು ನೀವು.

ಕ್ಲೈಂಟ್ ಎಂದರೆ ಸಾಮಾನ್ಯವಾಗಿ ನಿಮ್ಮ ಕಂಪನಿಯ ಪಾವತಿ ವ್ಯವಸ್ಥೆಯನ್ನು ಬಳಸುವ ವ್ಯಾಪಾರಿ, ಕಾಲೇಜು, ಸಹಕಾರ ಸಂಘ ಅಥವಾ ಇನ್ನೊಂದು ಕಂಪನಿ. ಒಂದು ಉದಾಹರಣೆ ನೋಡಿ. ವಿದ್ಯಾರ್ಥಿಯೊಬ್ಬ ಯುಪಿಐ ಮೂಲಕ ಶುಲ್ಕ ಕಟ್ಟಿದ್ದಾನೆ, ಅವನ ಖಾತೆಯಿಂದ ಹಣ ಹೋಗಿದೆ, ಕಾಲೇಜಿನ ಪರದೆಯಲ್ಲಿ ಮಾತ್ರ ‘ಪೆಂಡಿಂಗ್’ ಎಂದಿದೆ. ಕಾಲೇಜಿನ ಕಚೇರಿಯವರು ನಿಮಗೆ ಟಿಕೆಟ್, ಅಂದರೆ ಸಂಖ್ಯೆ ಕೊಟ್ಟು ದಾಖಲಿಸುವ ದೂರು, ಹಾಕುತ್ತಾರೆ. ನೀವು ಹನ್ನೆರಡು ಅಂಕಿಯ ವಹಿವಾಟು ಸಂಖ್ಯೆಯನ್ನು ಕೇಳಿ ಪಡೆದು, ಆ ಮೊತ್ತವು ಕಟ್ಟಿದವನ ಬ್ಯಾಂಕನ್ನು ಬಿಟ್ಟಿತೇ, ಯುಪಿಐ ನಡೆಸುವ ಎನ್‌ಪಿಸಿಐ ಸಂಸ್ಥೆಯ ಜಾಲವನ್ನು ದಾಟಿತೇ, ಪಡೆಯಬೇಕಾದ ಬ್ಯಾಂಕು ಉತ್ತರ ಕೊಟ್ಟಿತೇ ಎಂದು ಒಂದೊಂದೇ ಹಂತವನ್ನು ದಾಖಲೆಯಲ್ಲಿ ನೋಡುತ್ತಾ ಹೋಗುತ್ತೀರಿ. ಝಡ್‌9 ಎಂಬ ಸಂಕೇತ ಬಂದಿದ್ದರೆ ಖಾತೆಯಲ್ಲಿ ಹಣ ಸಾಲದು, ಝಡ್‌ಎಂ ಬಂದಿದ್ದರೆ ಪಿನ್ ತಪ್ಪಾಗಿದೆ. ಇವು ಸುಲಭದವು. ಕಷ್ಟವಿರುವುದು ಯಾವ ಉತ್ತರವೂ ಬಾರದೆ ನಡುದಾರಿಯಲ್ಲಿ ನಿಂತ ವಹಿವಾಟಿನಲ್ಲಿ.

ಅಂತಹ ಕಡೆ ನಿಯಮ ಗೊತ್ತಿರಬೇಕು. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ ಸುತ್ತೋಲೆಯ ಪ್ರಕಾರ, ಯುಪಿಐನಲ್ಲಿ ಒಬ್ಬರಿಂದೊಬ್ಬರಿಗೆ ಕಳುಹಿಸಿದ ಹಣ ಕಡಿತವಾಗಿಯೂ ತಲುಪದಿದ್ದರೆ ವಹಿವಾಟಿನ ಮಾರನೆಯ ದಿನದೊಳಗೆ, ವ್ಯಾಪಾರಿಗೆ ಮಾಡಿದ ಪಾವತಿ ಖಚಿತವಾಗದಿದ್ದರೆ ಐದು ದಿನಗಳೊಳಗೆ ಅದು ತಾನಾಗಿ ಹಿಂದಿರುಗಬೇಕು. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರವನ್ನು, ಗ್ರಾಹಕ ದೂರು ಕೊಡುವವರೆಗೆ ಕಾಯದೆ, ಅವನ ಖಾತೆಗೆ ಹಾಕಬೇಕು. ಈ ಒಂದು ವಾಕ್ಯ ಬಾಯಲ್ಲಿದ್ದರೆ ನಿಮ್ಮ ಅರ್ಧ ಭಯ ಹೋಗುತ್ತದೆ.

ನಾನೂ ಈ ಕೆಲಸವನ್ನು ಕೆಲವು ವರ್ಷ ಮಾಡಿದ್ದೇನೆ, ಅದರಲ್ಲಿ ಒಂದು ತಪ್ಪು ಇಂದಿಗೂ ಮನಸ್ಸಿನಲ್ಲಿದೆ. 2021ರ ಜುಲೈ ಮೊದಲ ವಾರದಲ್ಲಿ ಮಲ್ಪೆಯ ಮೀನು ವ್ಯಾಪಾರಿಯೊಬ್ಬರು ಫೋನ್ ಮಾಡಿ, ಹಿಂದಿನ ದಿನ ಗ್ರಾಹಕರು ನಮ್ಮ ವ್ಯವಸ್ಥೆಯಲ್ಲಿ ಕಟ್ಟಿದ ಮೊತ್ತ ತಮ್ಮ ಖಾತೆಗೆ ಬಂದಿಲ್ಲ ಎಂದರು. ನಾನು ದಾಖಲೆ ತೆರೆಯದೆಯೇ ‘ಸಂಜೆಯೊಳಗೆ ಬರುತ್ತದೆ’ ಎಂದುಬಿಟ್ಟೆ. ಅವರ ಬ್ಯಾಂಕು ಇನ್ನೊಂದರೊಂದಿಗೆ ವಿಲೀನವಾಗಿ ಬ್ಯಾಂಕು-ಶಾಖೆಯನ್ನು ಗುರುತಿಸುವ ಹಳೆಯ ಐಎಫ್‌ಎಸ್‌ಸಿ ಸಂಖ್ಯೆ ಆ ತಿಂಗಳಿನಿಂದ ರದ್ದಾಗಿತ್ತು, ನಮ್ಮಲ್ಲಿ ಇದ್ದದ್ದು ಅದೇ ಹಳೆಯ ಸಂಖ್ಯೆ. ಹಣ ಅಂದೂ ಬರಲಿಲ್ಲ, ಮರುದಿನವೂ ಬರಲಿಲ್ಲ. ಬೆಳಗಿನ ಜಾವ ಬಂದರಿನಲ್ಲಿ ನಗದು ಕೊಟ್ಟು ಮೀನು ಎತ್ತಬೇಕಾದವರು ನನ್ನ ಮಾತು ನಂಬಿ ಬೇರೆ ಯಾರಲ್ಲೂ ಕೈಗಡ ಕೇಳಿರಲಿಲ್ಲ. ‘ಬರುವುದಿಲ್ಲ ಎಂದಿದ್ದರೆ ಬೇರೆ ದಾರಿ ನೋಡುತ್ತಿದ್ದೆ ಮಾರಾಯ್ರೆ’ ಎಂದು ಅವರು ಹೇಳಿದಾಗ, ಅವರು ಬೈದಿದ್ದರೇ ವಾಸಿಯಿತ್ತು ಎನಿಸಿತು. ಅಂದಿನಿಂದ ನೋಡದೆ ಸಮಯ ಹೇಳುವುದನ್ನು ಬಿಟ್ಟೆ.

ಆದ್ದರಿಂದ ನನ್ನ ಸಲಹೆ: ಸೇರಿ. ಆದರೆ ಒಪ್ಪಿಗೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ. ವಹಿವಾಟಿನ ದಾಖಲೆಗಳನ್ನು ನೋಡುವ ಅವಕಾಶ ನಿಮಗಿರುತ್ತದೆಯೇ, ಇಲ್ಲವೇ ಸಿದ್ಧ ಉತ್ತರ ಓದಿ ಹೇಳುವುದಷ್ಟೇ ಕೆಲಸವೇ? ಎರಡನೆಯದಾದರೆ ನಿಮ್ಮ ಮಾವನ ಮಾತೇ ಸರಿ. ಮೊದಲನೆಯದಾದರೆ ಲೆಕ್ಕ ತಾಳೆ ನೋಡುವುದನ್ನು, ಕಟ್ಟಿದ ಹಣವನ್ನು ಗ್ರಾಹಕ ತನ್ನ ಬ್ಯಾಂಕಿನ ಮೂಲಕ ವಾಪಸ್ ಕೇಳುವ ಚಾರ್ಜ್‌ಬ್ಯಾಕ್ ವಿವಾದಗಳನ್ನು, ಸ್ವಲ್ಪ ಮಟ್ಟಿಗೆ ಕಂಪ್ಯೂಟರಿನ ದಾಖಲೆಗಳಿಂದ ಬೇಕಾದ ಮಾಹಿತಿ ಹೆಕ್ಕುವ ಎಸ್‌ಕ್ಯುಎಲ್ ಭಾಷೆಯನ್ನೂ ಕೆಲಸ ಮಾಡುತ್ತಲೇ ಕಲಿಯುತ್ತೀರಿ. ರಾತ್ರಿ ಪಾಳಿ ಎಷ್ಟು ಎಂಬುದನ್ನೂ ಕೇಳಿಕೊಳ್ಳಿ; ಬ್ರಹ್ಮಾವರದಿಂದ ದಿನಾ ಬಸ್ಸಿನಲ್ಲಿ ಓಡಾಡುವವರಿಗೆ ಅದು ಸಣ್ಣ ವಿಷಯವಲ್ಲ.

ಪ್ರಶ್ನೆ: ಇದೇ ಕೆಲಸದಲ್ಲಿ ಎಂಟು ತಿಂಗಳಿನಿಂದ ಇದ್ದೇನೆ. ಟಿಕೆಟ್‌ಗಳನ್ನು ಬೇಗ ಮುಚ್ಚಬೇಕೆಂಬ ಒತ್ತಡದಿಂದ, ಕಾರಣ ಗೊತ್ತಿಲ್ಲದಿದ್ದರೂ ‘24 ಗಂಟೆಯೊಳಗೆ ಸರಿಯಾಗುತ್ತದೆ’ ಎಂದು ಬರೆಯಬೇಕಾಗಿದೆ. ಮನಸ್ಸು ಒಪ್ಪುತ್ತಿಲ್ಲ.
— ಹೆಸರು ಬೇಡ, ಕೊಟ್ಟಾರ, ಮಂಗಳೂರು

ಉತ್ತರ: ನಿಮ್ಮ ಮನಸ್ಸು ಒಪ್ಪದಿರುವುದು ಸರಿಯಾಗಿಯೇ ಇದೆ. ಆ ವಾಕ್ಯದ ಬದಲು ಹೀಗೆ ಬರೆದು ನೋಡಿ: ‘ನಿಮ್ಮ ಹಣ ಇಂತಹ ಹಂತದವರೆಗೆ ಬಂದಿರುವುದು ಕಾಣುತ್ತಿದೆ, ಮುಂದಿನದನ್ನು ಬ್ಯಾಂಕಿಗೆ ಕೇಳಿದ್ದೇವೆ, ಉತ್ತರ ಬರಲಿ ಬಾರದಿರಲಿ ನಾಳೆ ಹನ್ನೊಂದು ಗಂಟೆಗೆ ನಾನೇ ತಿಳಿಸುತ್ತೇನೆ.’ ಹಣ ಯಾವಾಗ ಬರುತ್ತದೆ ಎಂಬುದು ನಿಮ್ಮ ಕೈಯಲ್ಲಿಲ್ಲ, ನೀವು ಯಾವಾಗ ಮಾತನಾಡುತ್ತೀರಿ ಎಂಬುದು ಇದೆ. ಅವಸರದಲ್ಲಿ ಮುಚ್ಚಿದ ಟಿಕೆಟ್‌ಗಳಲ್ಲಿ ಎಷ್ಟು ಮತ್ತೆ ತೆರೆದುಕೊಂಡವು ಎಂದು ಒಂದು ತಿಂಗಳು ಬರೆದಿಟ್ಟು ಮೇಲಧಿಕಾರಿಗೆ ತೋರಿಸಿ. ನೀತಿಯ ಮಾತಿಗೆ ಕಿವಿಗೊಡದವರೂ ಆ ಲೆಕ್ಕವನ್ನು ನೋಡುತ್ತಾರೆ. ದೂರು ಕೊಟ್ಟು 30 ದಿನ ಕಳೆದರೂ ತೃಪ್ತಿಕರ ಉತ್ತರ ಸಿಗದ ಗ್ರಾಹಕ ದೂರುಗಳನ್ನು ಇತ್ಯರ್ಥ ಮಾಡುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು, ಆಗ ನೀವು ಬರೆದ ಒಂದೊಂದು ಸಾಲೂ ದಾಖಲೆಯಾಗುತ್ತದೆ ಎಂಬುದನ್ನೂ ತಿಳಿಸಿ.

ಇನ್ನೊಂದು ಮಾತು. ಫೋನಿನಲ್ಲಿ ಯಾರಾದರೂ ವಂಚನೆಯಾಗಿದೆ ಎಂದರೆ ಟಿಕೆಟ್ ಸಂಖ್ಯೆ ಕೊಟ್ಟು ಕಾಯಿಸಬೇಡಿ. ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಲು, ಅವರ ಬ್ಯಾಂಕಿಗೆ ತಿಳಿಸಲು ಹೇಳಿ, ನಿಮ್ಮ ಕಡೆಯ ತುರ್ತು ತಂಡಕ್ಕೆ ಆಗಲೇ ವಿಷಯ ಮುಟ್ಟಿಸಿ. ಗಾಬರಿಯಲ್ಲಿರುವವರು ತುಳುವಿನಲ್ಲೋ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಮಾತಿಗಿಳಿದರೆ, ನಿಮಗೆ ಆ ಭಾಷೆ ಬರುವುದಾದರೆ ಅದರಲ್ಲೇ ಉತ್ತರಿಸಿ. ವಹಿವಾಟು ಸಂಖ್ಯೆ ಓದಿ ಹೇಳುವಷ್ಟು ಸಮಾಧಾನ ಅವರಿಗೆ ಬರುವುದು ಆಗಲೇ.