ಗುಡ್ಡದ ಮೇಲೆ ಅಡಿಕೆ ಶೆಡ್: ಮಳೆ ಇರಲಿ, ಗಾಳಿಯ ಲೆಕ್ಕ ಹಾಕಿದ್ದೀರಾ?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕು, ಮನೆ ಗುಡ್ಡದ ನೆತ್ತಿಯಲ್ಲಿದೆ. ಅಡಿಕೆ ಒಣಗಿಸುವ ಅಂಗಳಕ್ಕೆ 40x30 ಅಡಿಯ ಶೀಟಿನ ಶೆಡ್ ಹಾಕಿಸಬೇಕು. ಎಂಟು ಕಂಬ, ಸುತ್ತ ಗೋಡೆ ಇಲ್ಲ. ಒಂದೂವರೆ ಅಡಿ ಗುಂಡಿಗೆ ಕಾಂಕ್ರೀಟ್ ಹಾಕಿದರೆ ಸಾಕು ಅಂತಾರೆ ಫ್ಯಾಬ್ರಿಕೇಟರ್. ಮಗನ ಸ್ನೇಹಿತ ಎಂಜಿನಿಯರ್, ಅವನು ದೊಡ್ಡ ಫೂಟಿಂಗ್ (ಕಂಬದ ಬುಡದ ಕಾಂಕ್ರೀಟ್ ಪಾಯ) ಬೇಕೇ ಬೇಕು ಅಂತಾನೆ. ಇಷ್ಟು ಹಗುರದ ಶೀಟಿಗೆ ಅಷ್ಟು ಕಾಂಕ್ರೀಟ್ ಯಾಕೆ ಸರ್? ನಮ್ಮ ಕಡೆ ಮಳೆ ಜಾಸ್ತಿ, ಪೈಪ್ ಸ್ವಲ್ಪ ದಪ್ಪ ಮಾಡಿದರೆ ಸಾಲದೇ?

ಉತ್ತರ: ಶೀಟ್ ಹಗುರ ಇರುವುದರಿಂದಲೇ ಕಾಂಕ್ರೀಟ್ ಜಾಸ್ತಿ ಬೇಕು. ಆ ಹುಡುಗ ಹೇಳಿದ್ದು ಸರಿ.

ಮಳೆಯ ಚಿಂತೆ ಮೊದಲು ಬಿಡಿ. ಇಳಿಜಾರು ಸರಿಯಿದ್ದು ನೀರು ಹರಿಯುವ ದೋಣಿಯಲ್ಲಿ ಕಸ ಕಟ್ಟದಿದ್ದರೆ ನೀರು ಮಾಡಿನ ಮೇಲೆ ನಿಲ್ಲುವುದೇ ಇಲ್ಲ. ಆಗುಂಬೆಯ ಮಳೆ ಬಿದ್ದರೂ ಅಷ್ಟೇ. ರಿಪೇರಿಗೆ ಜನ ಹತ್ತುತ್ತಾರಲ್ಲ, ಅದಕ್ಕೆ ಕಟ್ಟಡದ ಮೇಲಿನ ಭಾರಗಳ ಭಾರತೀಯ ಸಂಹಿತೆ ಐಎಸ್ 875ರ 2ನೇ ಭಾಗ ಚದರ ಮೀಟರಿಗೆ ಸುಮಾರು 75 ಕೆಜಿ ಹಿಡಿಯಲು ಹೇಳುತ್ತದೆ, ಮಾಡಿನ ಓರೆ 10 ಡಿಗ್ರಿ ದಾಟಿದರೆ ಸ್ವಲ್ಪ ಕಡಿಮೆ. ಇದೆಲ್ಲ ಕೆಳಮುಖದ ಭಾರ. ಇದನ್ನು ಯಾವ ಫ್ಯಾಬ್ರಿಕೇಟರ್ ಆದರೂ ಅಂದಾಜಿನಲ್ಲೇ ನಿಭಾಯಿಸುತ್ತಾರೆ.

ತಕರಾರು ಇರುವುದು ಮೇಲಕ್ಕೆ ಎಳೆಯುವ ಗಾಳಿಯದ್ದು. ಅದರ ಲೆಕ್ಕ ಅದೇ ಸಂಹಿತೆಯ 3ನೇ ಭಾಗದಲ್ಲಿದೆ, ಈಗ ಚಾಲ್ತಿಯಲ್ಲಿರುವುದು 2015ರ ಆವೃತ್ತಿ. ನಿಮ್ಮಲ್ಲಿ ಮೂಲ ವೇಗ (ಸಂಹಿತೆ ಆಯಾ ಊರಿಗೆ ಕೊಟ್ಟಿರುವ ಗಾಳಿಯ ವೇಗ) ಸೆಕೆಂಡಿಗೆ 33 ಮೀಟರ್ ಅಂತ ಇಟ್ಟುಕೊಳ್ಳೋಣ, ಬೆಂಗಳೂರು ಮೈಸೂರಿಗೂ ಅಷ್ಟೇ, ಮಂಗಳೂರಿಗೆ 39. ವೇಗದ ವರ್ಗವನ್ನು (33x33) 0.6ರಿಂದ ಗುಣಿಸಿದರೆ ಒತ್ತಡ ನ್ಯೂಟನ್‌ನಲ್ಲಿ ಸಿಗುತ್ತದೆ, ಕೆಜಿಗೆ ತಂದರೆ ಚದರ ಮೀಟರಿಗೆ ಸುಮಾರು 67. ಇದು ಬಯಲು ಜಾಗಕ್ಕೆ. ಗುಡ್ಡದ ನೆತ್ತಿಗೆ ಹತ್ತುವಾಗ ಗಾಳಿ ಜೋರಾಗುತ್ತದೆ, ಅದಕ್ಕೆ ಸಂಹಿತೆಯಲ್ಲಿ ಕೆ3 ಅನ್ನುವ ಗುಣಾಂಕ ಇದೆ, 1ರಿಂದ 1.36ರವರೆಗೆ. ವೇಗದ ವರ್ಗ ತೆಗೆಯುವುದರಿಂದ 1.36 ಅಂದರೆ ಒತ್ತಡ 36 ಅಲ್ಲ, 85 ಪರ್ಸೆಂಟ್ ಏರುತ್ತದೆ! ಶಿವಮೊಗ್ಗ ಪೇಟೆಯಲ್ಲಿ ನಿಂತ ಶೆಡ್ಡಿನ ಅಳತೆಯನ್ನು ನಿಮ್ಮ ಗುಡ್ಡಕ್ಕೆ ಹಾಗೇ ಎತ್ತಿಕೊಂಡು ಬರಬಾರದು ಅನ್ನುವುದು ಇದಕ್ಕೇ.

ನಿಮ್ಮ ಶೆಡ್ಡಿಗೆ ಕೆ3 ಸುಮ್ನೆ 1.2 ಅಂತ ಹಿಡಿಯಿರಿ. ಒತ್ತಡ 96 ಕೆಜಿ ಆಯಿತು. ಮಾಡಿನ ಗುಣಾಂಕ (ಆ ಒತ್ತಡದಲ್ಲಿ ಎಷ್ಟು ಪಾಲು ಮಾಡನ್ನು ಎತ್ತುತ್ತದೆ ಅನ್ನುವ ಅಂಕಿ) 1 ಅಂದುಕೊಂಡರೆ 111 ಚದರ ಮೀಟರಿಗೆ ಮೇಲ್ಮುಖ ಎಳೆತ ಹತ್ತೂವರೆ ಟನ್ ದಾಟುತ್ತದೆ. ಶೀಟು, ಪರ್ಲಿನ್ (ಶೀಟ್ ಕೂರುವ ಅಡ್ಡ ಪೈಪ್), ಟ್ರಸ್ (ಮಾಡು ಹೊರುವ ಚೌಕಟ್ಟು) ಎಲ್ಲ ಸೇರಿ ಚದರ ಮೀಟರಿಗೆ 15 ಕೆಜಿ ಹಿಡಿದರೂ ಒಟ್ಟು 1.7 ಟನ್ ಅಷ್ಟೇ. ಉಳಿದದ್ದನ್ನು ಎಂಟು ಕಂಬಕ್ಕೆ ಹಂಚಿದರೆ ಒಂದೊಂದಕ್ಕೆ 1.1 ಟನ್. ಉಕ್ಕಿನ ಕಟ್ಟಡಗಳ ಸಂಹಿತೆ ಐಎಸ್ 800:2007 ಪ್ರಕಾರ ಇಂಥಲ್ಲಿ ಗಾಳಿಯ ಎಳೆತವನ್ನು 1.5ರಿಂದ, ಶೆಡ್ಡಿನ ಸ್ವಂತ ಭಾರವನ್ನು 0.9ರಿಂದ ಗುಣಿಸಿ ನೋಡಬೇಕು, ಆಗ 1.8 ಟನ್ ಆಗುತ್ತದೆ. ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತುಂಬಿದ ಕಾಂಕ್ರೀಟ್ ಎಷ್ಟು ತೂಗುತ್ತದೆ ಗೊತ್ತಾ? ಸುಮಾರು 230 ಕೆಜಿ.

ಇದು ಒರಟು ಲೆಕ್ಕ. ಸುತ್ತ ಮರ ಎಷ್ಟಿದೆ, ಮಾಡು ಎಷ್ಟು ಓರೆ ಇದೆ ಎಲ್ಲ ನೋಡಿದರೆ ಅಂಕಿ ಇಳಿಯಬಹುದು, ಏರಲೂಬಹುದು. ಜೋರು ಮಳೆಯಲ್ಲಿ ಇರಿಚಲು ಹೊಡೆಯುತ್ತದೆ ಅಂತ ಒಂದು ಬದಿಗೆ ಟಾರ್ಪಾಲ್ ಬಿಗಿದು ಕಟ್ಟುತ್ತೀರಿ ಅಲ್ವಾ? ಎದುರಿನಿಂದ ನುಗ್ಗಿದ ಗಾಳಿಗೆ ಹೊರಹೋಗಲು ದಾರಿಯಿಲ್ಲದೆ ಅದು ಮಾಡನ್ನೇ ಎತ್ತುತ್ತದೆ. ಮೂಟೆ ಒಟ್ಟಿದರೂ ಹಾಗೇ. ಎಂಜಿನಿಯರ್‌ಗೆ ಇದನ್ನು ಮೊದಲೇ ಹೇಳಿಬಿಡಿ.

ಹಾಗಂತ ಗುಂಡಿ ತುಂಬಾ ಕಾಂಕ್ರೀಟ್ ಸುರಿಯಬೇಕಿಲ್ಲ. ಆಳಕ್ಕೆ ಇಳಿಸಿ, ತಳ ಅಗಲ ಮಾಡಿ, ಮೇಲೆ ಮಣ್ಣು ದಮ್ಮಸ್ಸು ಮಾಡಿದರೆ ಆ ಮಣ್ಣಿನ ಭಾರವೂ ಲೆಕ್ಕಕ್ಕೆ ಬರುತ್ತದೆ. ಕಂಬವನ್ನು ಕಾಂಕ್ರೀಟಿಗೆ ಹಿಡಿಯುವ ಆಂಕರ್ ಬೋಲ್ಟ್ ಮಾತ್ರ ಕಾಂಕ್ರೀಟಿನ ಒಳಗೆ ಕೊಕ್ಕೆ ಬಗ್ಗಿಸಿಯೋ ಪ್ಲೇಟ್ ಹಾಕಿಯೋ ಆಳಕ್ಕೆ ಕೂತಿರಲಿ.

ಇನ್ನು ಪೈಪ್ ದಪ್ಪ. ಎಲ್ಲ ಪೈಪನ್ನೂ ದಪ್ಪ ಮಾಡಿದರೆ ದುಡ್ಡು ಹೋಗುತ್ತದೆ ಅಷ್ಟೇ. ಟ್ರಸ್ಸಿನ ಕೆಳಗಿನ ಉದ್ದ ಪೈಪ್ ನೋಡಿ. ಮಾಮೂಲಿ ದಿನ ಅದು ಎಳೆತದಲ್ಲಿರುತ್ತದೆ, ಸಣ್ಣದಿದ್ದರೂ ನಡೆಯುತ್ತದೆ. ಗಾಳಿ ಮಾಡನ್ನು ಎತ್ತಿದಾಗ ಅದೇ ಪೈಪ್ ಒತ್ತಡಕ್ಕೆ ಸಿಕ್ಕಿ ಪಕ್ಕಕ್ಕೆ ಬಾಗುತ್ತದೆ. ಅಲ್ಲಿ ದಪ್ಪಕ್ಕಿಂತ ಮುಖ್ಯ, ಒಂದು ಟ್ರಸ್ಸಿನಿಂದ ಇನ್ನೊಂದಕ್ಕೆ ಅಡ್ಡ ಟೈ ಕೊಟ್ಟು ಅದರ ಆಸರೆಯಿಲ್ಲದ ಬಿಡಿ ಉದ್ದ ಕಡಿಮೆ ಮಾಡುವುದು. ಅಂಚಿನ ಶೀಟಿಗೆ ಎಳೆತ ಜಾಸ್ತಿ, ಅಲ್ಲಿ ಸ್ಕ್ರೂ ಹತ್ತಿರ ಹತ್ತಿರ ಇರಲಿ.

ಹಳೇ ಮನೆಯ ಮಂಗಳೂರು ಹೆಂಚು ತೆಗೆದು ಶೀಟ್ ಹೊದಿಸುವವರಿಗೂ ಇದೇ ಲೆಕ್ಕ. ರೀಪು ಸೇರಿ ಹೆಂಚಿನ ಮಾಡು ಚದರ ಮೀಟರಿಗೆ 65 ಕೆಜಿ ಹತ್ತಿರ ತೂಗುತ್ತದೆ, ಶೀಟ್ ಐದು ಕೆಜಿ. ಭಾರ ಇಳಿಯಿತು ಅಂತ ಖುಷಿಪಡುವ ಮೊದಲು ಪಕಾಸಿಯನ್ನು (ಮಾಡಿನ ಓರೆ ಮರ) ಗೋಡೆಗೆ ಕಟ್ಟಿರುವುದು ಯಾವುದು ಅಂತ ಅಟ್ಟ ಹತ್ತಿ ನೋಡಿ.